ಅಳಿವೆಯ ಅಕ್ಕೋರನ್ನು ಕಂಡದ್ದು

ಮುಂದಿನ ತಿಂಗಳು ಮನೆಯವರೊಂದಿಗೆ ಗೋಕರ್ಣಕ್ಕೆ ಹೊರಟಿದ್ದೀರಿ, ಬಹುಕಾಲದಿಂದ ಓದುತ್ತಿರುವ ಬ್ಲಾಗ್ ಬರಹಗಾರರೊಬ್ಬರು ಅದೇ ಕರಾವಳಿಯಲ್ಲಿದ್ದಾರೆ, ಹೋಗಿ ಕಾಣಲೋ ಬೇಡವೋ, ಕಂಡ ಮೇಲೆ ಇರುವ ಮೆಚ್ಚುಗೆಯೂ ಇಳಿದುಹೋದರೆ ಏನು ಗತಿ ಎಂದು ಕೇಳಿದ್ದೀರಿ. ಧಾರಾಳವಾಗಿ ಹೋಗಿ. ಆದರೆ ಅವರ ಮನೆಯ ಸೋಫಾದಲ್ಲಿ ಕುಳಿತು ಹೊಗಳುವ ಭೇಟಿ ಬೇಡ. ಅವರು ಯಾವುದರ ಬಗ್ಗೆ ಬರೆಯುತ್ತಾರೋ ಅದರ ಮುಂದೆ ಅವರೊಂದಿಗೆ ನಿಲ್ಲುವ ಅವಕಾಶ ಕೇಳಿ.

ನಾನು ಕಂಡದ್ದು ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯ (ನದಿ ಕಡಲು ಸೇರುವ ಜಾಗದ) ಬಗ್ಗೆ ಬರೆಯುವ ನಿವೃತ್ತ ಶಿಕ್ಷಕಿಯೊಬ್ಬರನ್ನು. ಹೆಸರು ಹೇಳುವುದಿಲ್ಲ; ಬ್ಲಾಗಿನಲ್ಲಿ ಅವರೇ ತಮ್ಮ ಚಿತ್ರ ಹಾಕಿಕೊಂಡವರಲ್ಲ. ಶಿರಸಿಯ ಕಡೆ ಹುಟ್ಟಿ, ದೊಡ್ಡ ಅಣೆಕಟ್ಟಿನ ಹಂಗಿಲ್ಲದೆ ಘಟ್ಟ ಇಳಿದು, ತದಡಿಯ ಬಳಿ ಕಡಲು ಸೇರುವ ನದಿ ಅಘನಾಶಿನಿ. 2024ರಲ್ಲಿ ಆ ಅಳಿವೆ ಜಗತ್ತಿನ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದಾಗ ಎಲ್ಲರೂ ಹಕ್ಕಿಗಳ ಮಾತಾಡುತ್ತಿದ್ದರೆ, ಇವರು ಕೆಸರಿನಲ್ಲಿ ಬೆಳಚು ಎಂಬ ಚಿಪ್ಪುಜೀವಿ ಆರಿಸುವ ಹೆಂಗಸರ ಪಾದಗಳ ಬಗ್ಗೆ ಬರೆದಿದ್ದರು. ನಾನು ಅವರ ಓದುಗಳಾದದ್ದು ಆ ಬರಹದಿಂದ.

ಡಿಸೆಂಬರ್ ರಜೆಗೆ ಹೊರಡುವ ಮೊದಲು ಮಿಂಚಂಚೆ ಕಳುಹಿಸಿ, ಒಂದರ್ಧ ಗಂಟೆ ಸಿಗುತ್ತೀರಾ ಎಂದು ಕೇಳಿದೆ. ಉತ್ತರದಲ್ಲಿ ನಮಸ್ಕಾರ ಕೂಡ ಇರಲಿಲ್ಲ: "ಬೆಳಿಗ್ಗೆ ಕಡಲಿನ ಇಳಿತ ಇದೆ. ಎಂಟೂವರೆಗೆ ತದಡಿ ಧಕ್ಕೆಗೆ ಬನ್ನಿ. ಹಳೆಯ ಚಪ್ಪಲಿ ಹಾಕಿಕೊಳ್ಳಿ." ಯಜಮಾನರು ಮಕ್ಕಳನ್ನು ಕರೆದುಕೊಂಡು ಓಂ ಬೀಚಿಗೆ ಹೋದರು. ಅವರಿಗೆ ಬ್ಲಾಗು, ಬೆಳಚು ಎರಡರಲ್ಲೂ ಆಸಕ್ತಿಯಿಲ್ಲ. ಅದು ಒಳ್ಳೆಯದೇ ಆಯಿತು. ಇಂಥ ಭೇಟಿಗೆ ಇಡೀ ಕುಟುಂಬ ಹೋದರೆ ಮಾತು ಮಕ್ಕಳ ಶಾಲೆಯ ಸುತ್ತಲೇ ಸುತ್ತಿ ಮುಗಿಯುತ್ತದೆ.

ದೋಣಿಗಳು ನಿಲ್ಲುವ ಆ ಧಕ್ಕೆಯಲ್ಲಿ ಗುರುತು ಹಿಡಿಯುವುದು ಕಷ್ಟವಾಗಲಿಲ್ಲ. ಮೀನಿನ ಬುಟ್ಟಿ ಹೊತ್ತವರೆಲ್ಲ "ಅಕ್ಕೋರೇ" (ಟೀಚರೇ) ಎಂದು ಮಾತಾಡಿಸಿಕೊಂಡು ಹೋಗುತ್ತಿದ್ದವರು ಒಬ್ಬರೇ ಇದ್ದರು. ಬರಹದಲ್ಲಿ ಅವರದು ನಿಧಾನದ, ಸುತ್ತಿ ಬಳಸಿ ಬರುವ, ನಡುವೆ ನಗಿಸುವ ದನಿ. ಎದುರಿಗೆ ಸಿಕ್ಕವರು ಮಿತಭಾಷಿ. "ನಿಮ್ಮ ಎಲ್ಲ ಬರಹ ಓದಿದ್ದೇನೆ" ಎಂದರೆ "ಹೌದೇ" ಎಂದಷ್ಟೇ ಹೇಳಿ ನೀರಿನ ಕಡೆ ನೋಡಿದರು. ನಿಮ್ಮ ಭಯ ಇದೇ ಅಲ್ಲವೇ? ಮೊದಲ ಕಾಲು ಗಂಟೆ ನನಗೂ ಮಂಕು ಕವಿದಂತಾಗಿತ್ತು. ಬೈಕುಗಳ ನಡುವೆ ನಿಂತು ಬಾರ್ಜ್‌ನಲ್ಲಿ ಆಚೆ ದಡದ ಅಘನಾಶಿನಿ ಊರಿಗೆ ದಾಟುವಾಗಲೂ ಅವರು ಕೇಳಿದ್ದು ಒಂದೇ ಪ್ರಶ್ನೆ: "ಈಜು ಬರುತ್ತದೆಯೇ, ತಂಗಿ?"

ದಂಡೆಗೆ ಇಳಿದ ಮೇಲೆ ಚಿತ್ರ ಬದಲಾಯಿತು. ಇಳಿತಕ್ಕೆ ಅಳಿವೆಯ ನಡುವಿನ ಮರಳುದಿಬ್ಬಗಳು ಮೇಲೆದ್ದಿದ್ದವು. ಸೊಂಟಮಟ್ಟದ ನೀರಿನಲ್ಲಿ ಹೆಂಗಸರು ನಿಂತಿದ್ದರು. ಹತ್ತಿರವಿದ್ದ ಒಬ್ಬಾಕೆ ಪಾದದಿಂದ ಕೆಸರು ತಡವಿ, ಬಗ್ಗಿ, ಎರಡು ಚಿಪ್ಪು ಎತ್ತಿ ಒಂದಕ್ಕೊಂದು ತಟ್ಟಿದಳು. ಒಂದನ್ನು ಬುಟ್ಟಿಗೆ ಹಾಕಿ ಇನ್ನೊಂದನ್ನು ಎಸೆದಳು. ನಾನು ಕೇಳುವ ಮೊದಲೇ ಅಕ್ಕೋರು ಹೇಳಿದರು: ಎಸೆದದ್ದು ಸತ್ತ ಚಿಪ್ಪು, ಒಳಗೆ ಕೆಸರು ತುಂಬಿರುತ್ತದೆ, ತಟ್ಟಿದರೆ ಸದ್ದು ಮಂದ. ಅಂಥದ್ದೊಂದು ತಿಳಿಯದೆ ಪಾತ್ರೆಗೆ ಬಿದ್ದು ಬಾಯಿ ಬಿಟ್ಟರೆ ಇಡೀ ಸಾರು ಕೆಸರು. ಅಲ್ಲಿಂದ ಮುಂದೆ ಅವರ ಮಾತು ಅವರ ಬರಹದಂತೆಯೇ ಹರಿಯತೊಡಗಿತು.

ನನಗೆ ಅತ್ಯಂತ ಇಷ್ಟವಾದ ಬರಹ ಕಗ್ಗ ಭತ್ತದ ಬಗ್ಗೆ ಅವರು ಬರೆದದ್ದು. ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳಲ್ಲಿ ಬೆಳೆಯುವ ಈ ಎತ್ತರದ ತಳಿ ನೀರಿನಲ್ಲಿ ಮುಳುಗಿದರೂ ಕೆಲವು ದಿನ ತಡೆದುಕೊಳ್ಳುತ್ತದೆ. ಕೊಯ್ಲಿನಲ್ಲಿ ತೆನೆಯನ್ನಷ್ಟೇ ಕೊಯ್ದು ಹುಲ್ಲನ್ನು ನಿಂತಲ್ಲೇ ಬಿಡುತ್ತಾರೆ. ಅದು ಮೀನಿಗೂ ಸಿಗಡಿಗೂ ಹಕ್ಕಿಗಳಿಗೂ ಆಹಾರವಾಗುತ್ತದೆ. ಮನುಷ್ಯ ತನ್ನ ಪಾಲು ತೆಗೆದುಕೊಂಡು ಉಳಿದವರ ಪಾಲು ಬಿಟ್ಟ ಔದಾರ್ಯ ಎಂದು ಅಕ್ಕೋರು ಬರೆದಿದ್ದರು. ನಾನು ಆ ಸಾಲನ್ನು ನೆನಪಿಸಿದಾಗ ಅವರು ಮುಗುಳ್ನಕ್ಕು, "ಇದನ್ನೆಲ್ಲ ನನಗೆ ಹೇಳಿದವಳು ಇಲ್ಲೇ ಇದ್ದಾಳೆ, ಬನ್ನಿ" ಎಂದು ಗಜನಿ ಕಟ್ಟೆಯ ಪಕ್ಕದ ಮನೆಯೊಂದಕ್ಕೆ ಕರೆದೊಯ್ದರು.

ಆ ಮನೆಯ ಅಜ್ಜಿ ಮುರುಗಲ ಪಾನಕ ಕೊಟ್ಟು, ಅಕ್ಕೋರು ಓದಿ ಹೇಳಿದ ಸಾಲನ್ನು ಕೇಳಿಸಿಕೊಂಡು, ಬಿದ್ದು ಬಿದ್ದು ನಕ್ಕರು. "ಔದಾರ್ಯವೂ ಇಲ್ಲ, ಗಿವ್ದಾರ್ಯವೂ ಇಲ್ಲ ಅಕ್ಕೋರೇ. ಮೊಣಕಾಲು ನೀರಿನಲ್ಲಿ ನಿಂತು ಬುಡದವರೆಗೆ ಬಗ್ಗಿ ಕೊಯ್ಯಲು ಸೊಂಟ ಬೇಡವೇ? ತೆನೆಯಾದರೆ ಕೈಗೆ ಸಿಗುತ್ತದೆ. ಹುಲ್ಲು ಮೀನಿಗೆ ಆಯಿತು, ಅಷ್ಟೇ."

ಅಕ್ಕೋರು ವಾದಕ್ಕೆ ನಿಂತರು. ಹಾಗಾದರೆ ನಿನ್ನ ಮಾವ ಹುಲ್ಲು ಕೊಯ್ಯಬೇಡಿ ಎಂದು ಬೈಯುತ್ತಿದ್ದದ್ದು ಏಕೆ ಎಂದು ಇವರು. ಸಿಗಡಿ ಮಾರಿದ ದುಡ್ಡಿಗಾಗಿ ಎಂದು ಅಜ್ಜಿ. ಸೊಂಟನೋವು, ಸಿಗಡಿಯ ದರ, ಒಡೆದ ಕಟ್ಟೆ, ತೂಬಿನ ಹಲಗೆ ಯಾರು ಎತ್ತಬೇಕೆಂಬ ಹಳೆಯ ಜಗಳ ಎಲ್ಲವೂ ಬಂತು. ಇಬ್ಬರ ಮಧ್ಯೆ ನಾನು ಲೋಟ ಹಿಡಿದು ಕುಳಿತಿದ್ದೆ. ಮೆಚ್ಚಿನ ಬರಹಗಾರ್ತಿ ತಮ್ಮದೇ ಸಾಲನ್ನು ಅಂಗಳದಲ್ಲಿ ಕುಳಿತು ಸಮರ್ಥಿಸಿಕೊಳ್ಳುವುದನ್ನು, ಅರ್ಧ ಸೋಲುವುದನ್ನು ನೋಡುವ ಭಾಗ್ಯ ಎಷ್ಟು ಓದುಗರಿಗೆ ಸಿಗುತ್ತದೆ? ನನ್ನ ಮೆಚ್ಚುಗೆ ಇಳಿಯುವ ಮಾತಿರಲಿ, ಈಗ ಅವರ ಪ್ರತಿ ಬರಹದ ಹಿಂದೆಯೂ ಆ ಅಜ್ಜಿಯ ನಗು ಕೇಳಿಸುತ್ತದೆ; ಓದು ಇನ್ನಷ್ಟು ರುಚಿಸುತ್ತದೆ.

ನಿಮಗೆ ಉಪಯೋಗವಾಗುವ ಒಂದೆರಡು ಮಾತು. ತಿಳಿಸದೆ ಹೋಗಿ ಬಾಗಿಲು ತಟ್ಟಬೇಡಿ. ರಜೆ ನಿಮಗಿದೆ, ಅವರಿಗಿಲ್ಲ. ಫೋಟೊ ಬೇಕೆನಿಸಿದರೆ ಮೊದಲು ಕೇಳಿ. ನಾನು ಕೇಳಿದಾಗ ಅವರು ಬೇಡವೆಂದರು, ಬದಲಿಗೆ ಬುಟ್ಟಿಯ ಫೋಟೊ ತೆಗೆದುಕೊಂಡೆ. ನಿಮ್ಮ ಬರಹಗಾರರೂ ಕಡಲು, ಅಳಿವೆಯ ಕುರಿತು ಬರೆಯುವವರಾದರೆ ಸಮಯವನ್ನು ಅವರೇ ಗೊತ್ತುಮಾಡಲಿ: ಇಳಿತ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ, ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ನೀರು ಹೆಚ್ಚು ಹಿಂದೆ ಸರಿಯುತ್ತದೆ. ಹೋಟೆಲ್ ಕಾದಿರಿಸುವ ಮೊದಲು ಪಂಚಾಂಗ ನೋಡಿಕೊಳ್ಳಿ. ಚಪ್ಪಲಿಗೆ ಹಿಂದೆ ಪಟ್ಟಿ ಇರಲಿ, ಇಲ್ಲದಿದ್ದರೆ ಕೆಸರು ಅದನ್ನು ಇಟ್ಟುಕೊಳ್ಳುತ್ತದೆ.