ಮೈಯೆಲ್ಲ ಗಂಧೆ ಎದ್ರೆ ರಾತ್ರೋರಾತ್ರಿ ಆಸ್ಪತ್ರೆಗೆ ಓಡ್ಬೇಕಾ?

ಪ್ರಶ್ನೆ: ಡಾಕ್ಟ್ರೇ ನಮಸ್ಕಾರ. ನಮ್ದು ಸಕಲೇಶಪುರದ ಹತ್ರ ಹಳ್ಳಿ. ಹೋದ್ ತಿಂಗ್ಳು ನಮ್ ಯಜಮಾನ್ರು ತೋಟದಿಂದ ಬಂದು ಸೊಂಟ ನೋವು ಅಂತ ಮೆಡಿಕಲ್ ಶಾಪಿಂದ ತಂದಿದ್ದ ಮಾತ್ರೆ ನುಂಗಿ ಮಲಗಿದ್ರು, ಅರ್ಧ ಗಂಟೇಲಿ ಮೈಯೆಲ್ಲ ಗಂಧೆ, ತುಟಿ ಬೇರೆ ದಪ್ಪ ಆಗೋಯ್ತು. ಆ ಮಳೇಲೇ ಪಕ್ಕದ್ಮನೆಯವ್ರ ಜೀಪಲ್ಲಿ ಹಾಸನಕ್ಕೆ ಹೋದ್ವಿ, ಎಮರ್ಜೆನ್ಸೀಲಿ ಇಂಜೆಕ್ಷನ್ ಕೊಟ್ಟು ಬೆಳಗಿನ ತನಕ ಇಟ್ಕೊಂಡು ಕಳ್ಸಿದ್ರು. ಈಗ ಊರವ್ರೆಲ್ಲ ಚರ್ಮದ ಕಾಯಿಲೆಗೆ ಯಾರಾದ್ರೂ 40 ಕಿಲೋಮೀಟರ್ ಓಡ್ತಾರಾ, ಒಂದು ಸೆಟ್ರಿಜಿನ್ ಅಲರ್ಜಿ ಮಾತ್ರೆ ಸಾಕಿತ್ತು ಅಂತಾರೆ. ನಾವ್ ಮಾಡಿದ್ದು ತಪ್ಪಾ?
- ಓದುಗರು, ಸಕಲೇಶಪುರ ತಾಲ್ಲೂಕು

ಉತ್ತರ: ತಪ್ಪಲ್ಲಮ್ಮ, ಸರಿಯಾಗೇ ಮಾಡಿದ್ದೀರಿ. ಬರೀ ಗಂಧೆ, ಬರೀ ಕೆರೆತ ಆಗಿದ್ರೆ ಊರವ್ರ ಮಾತು ಒಪ್ಕೋಬಹುದಿತ್ತು, ಅದು ಒಂದ್ಕಡೆ ಎದ್ದು 24 ಗಂಟೆ ಒಳಗೆ ಮಾಯ ಆಗಿ ಇನ್ನೊಂದ್ಕಡೆ ಏಳುತ್ತೆ, ಹೆಚ್ಚಿನ ಸಲ ಸೆಟ್ರಿಜಿನ್‌ಗೆ ಬಗ್ಗುತ್ತೆ. ಆದ್ರೆ ತುಟಿ ಊದಿತ್ತಲ್ಲ, ಆ ಊತ ನಾಲಿಗೆಗೆ ಗಂಟಲಿಗೆ ಇಳಿದ್ರೆ ಉಸಿರಿನ ದಾರಿನೇ ಮುಚ್ಚೋಗುತ್ತೆ. ದನಿ ಕಟ್ಟೋದು, ಏದುಸಿರು, ಮೇಲಿಂದ್ಮೇಲೆ ವಾಂತಿ, ಕಣ್ ಕತ್ತಲೆ ಬರೋದು ಇವೆಲ್ಲ ಶುರುವಾದ್ರೆ ಬೇಕಾಗೋದು ತೊಡೆಗೆ ಕೊಡೋ ಅಡ್ರಿನಲಿನ್ ಇಂಜೆಕ್ಷನ್, ದೊಡ್ಡವರಿಗೆ ಅರ್ಧ ಮಿಲಿಗ್ರಾಂ, ಸೆಟ್ರಿಜಿನ್ ಆ ಕೆಲಸ ಮಾಡಲ್ಲ. ಹೆಜ್ಜೇನು ಹೊಡೆದಾಗ್ಲೂ ಹಿಂಗೇ ಆಗ್ಬೋದು, ತೋಟದಲ್ಲಿ ಕೆಲಸ ಮಾಡೋ ಪ್ರತಿಯೊಬ್ರಿಗೂ ಇದು ಗೊತ್ತಿರ್ಲೇಬೇಕು. ಅಂಥ ಹೊತ್ತಲ್ಲಿ ಹಾಸನದ ತನಕ ಕಾಯ್ಬೇಡಿ, 108ಕ್ಕೆ ಫೋನ್ ಮಾಡಿ ಇಲ್ಲಾ ಮೊದ್ಲು ಸಿಗೋ ಆಸ್ಪತ್ರೆಗೆ ನುಗ್ಗಿ.

ಎಮರ್ಜೆನ್ಸಿ ಡ್ಯೂಟೀಲಿ ನಾನ್ ಕಲ್ತಿದ್ದು ಏನಂದ್ರೆ, ಕೆರೆತ ಅಂತ ಬಂದವ್ರಿಗಿಂತ ಚರ್ಮ ನೋಯ್ತಿದೆ ಅಂತ ಬಂದವ್ರನ್ನ ಮೊದ್ಲು ನೋಡ್ಬೇಕು. ನಮ್ ಕಡೆ ಮಳೆಗಾಲದಲ್ಲಿ ಗಂಬೂಟಲ್ಲಿ ದಿನವಿಡೀ ನೆಂದು ಕಾಲ್ಬೆರಳ ಸಂದಿ ಬಿರಿಯುತ್ತೆ, ಅಲ್ಲಿಂದ ಬ್ಯಾಕ್ಟೀರಿಯಾ ಒಳಗೋಗಿ ಕಾಲು ಕೆಂಪಾಗಿ ಬಿಸಿಯಾಗಿ ಊದ್ಕೊಳ್ಳುತ್ತೆ, ಇದೇ ಸೆಲ್ಯುಲೈಟಿಸ್. ಕೆಂಪಿರೋ ಅಂಚಿಗೆ ಪೆನ್ನಲ್ಲಿ ಗೆರೆ ಎಳೆದು ಪಕ್ಕದಲ್ಲಿ ಟೈಮ್ ಬರೀರಿ, ಗೆರೆ ದಾಟಿ ಹರಡ್ತಿದ್ರೆ, ಚಳಿಜ್ವರ ಬಂದ್ರೆ, ಶುಗರ್ ಇದ್ರೆ ಆವತ್ತೇ ಹೋಗಿ. ಇನ್ನೂ ಭಯದ್ದು ಒಂದಿದೆ, ನೋಡಕ್ಕೆ ಅಷ್ಟೇನೂ ಕಾಣಲ್ಲ, ಆದ್ರೆ ಮನುಷ್ಯ ನೋವಿಗೆ ಕಿರುಚ್ತಿರ್ತಾನೆ, ಒಳಗೆ ಮಾಂಸದ ಮೇಲಿನ ಪದರ ಕೊಳೀತಿರುತ್ತೆ, ಅದಕ್ಕೆ ಕೆಲವೇ ಗಂಟೇಲಿ ಆಪರೇಷನ್ ಆಗ್ಬೇಕು. ನಾಲ್ಕು ದಿನ ಅರಿಶಿನ ಹಚ್ಕೊಂಡು ಮನೇಲೇ ಕೂತಿದ್ದ ಒಬ್ರ ಕಾಲು ಉಳಿಸ್ಕೊಳಕ್ಕೆ ನಮ್ ಕೈಲಿ ಆಗ್ಲಿಲ್ಲ, ಇವತ್ತಿಗೂ ಅದು ಮರೆತಿಲ್ಲ.

ಮಾತ್ರೆಯಿಂದ ಆಗೋದೆಲ್ಲ ನಿಮ್ಮನೇಲಿ ಆದಂಗೆ ಅರ್ಧ ಗಂಟೇಲೇ ಬರಲ್ಲ. ಫಿಟ್ಸ್‌ಗೆ ಕೊಡೋ ಫೆನಿಟಾಯಿನ್, ಕಾರ್ಬಮಜಪಿನ್, ಯೂರಿಕ್ ಆಸಿಡ್‌ಗೆ ಕೊಡೋ ಅಲೋಪ್ಯುರಿನಾಲ್, ಸೋಂಕಿಗೆ ಕೊಡೋ ಸಲ್ಫಾ ಮಾತ್ರೆಗಳು, ಇವನ್ನ ಶುರುಮಾಡಿ ಒಂದರಿಂದ ಮೂರು ವಾರ ಆದ್ಮೇಲೆ, ಕೆಲವ್ರಲ್ಲಿ ಇನ್ನೂ ತಡವಾಗಿ, ಜ್ವರ, ಕಣ್ಣುರಿ, ಬಾಯಲ್ಲಿ ಹುಣ್ಣು ಬಂದು ಮೈ ಮುಟ್ಟಿದ್ರೆ ನೋವು, ಆಮೇಲೆ ಬೊಬ್ಬೆ ಎದ್ದು ಸುಟ್ಟಂಗೆ ಸಿಪ್ಪೆ ಏಳುತ್ತೆ. 1922ರಲ್ಲಿ ಇದನ್ನ ವಿವರಿಸಿದ ಇಬ್ರು ಡಾಕ್ಟ್ರ ಹೆಸರಲ್ಲೇ ಸ್ಟೀವನ್ಸ್ ಜಾನ್ಸನ್ ಅಂತಾರೆ. ಅಪರೂಪ, ಆದ್ರೆ ಪ್ರಾಣ ತೆಗೆಯುತ್ತೆ. ಮುಂದಿನ ಡೋಸ್ ನುಂಗೋ ಮೊದ್ಲೇ ಸ್ಟ್ರಿಪ್ ಸಮೇತ ಆಸ್ಪತ್ರೆಗೆ ಹೋಗಿ.

ಸರ್ಪಸುತ್ತಿಗೆ ರಾತ್ರಿ ಓಡೋದು ಬೇಡ, ಆದ್ರೆ ಕೆಮ್ಮಣ್ಣು ಹಚ್ಕೊಂಡು ವಾರ ಕಳೀಬೇಡಿ, ಮಾತ್ರೆ ಗುಳ್ಳೆ ಎದ್ದ 72 ಗಂಟೆ ಒಳಗೆ ಶುರುವಾದ್ರೇನೇ ಚೆನ್ನಾಗಿ ಕೆಲಸ ಮಾಡೋದು. ಕಣ್ಣು, ಮೂಗಿನ ಹತ್ರ ಎದ್ದಿದ್ರೆ ಮಾತ್ರ ಆವತ್ತೇ ತೋರಿಸಿ.

ಇನ್ನು ನಿಮ್ ಯಜಮಾನ್ರ ವಿಷ್ಯ. ಒಂದು ನೋವಿನ ಮಾತ್ರೆಗೆ ಹಿಂಗಾದವ್ರಿಗೆ ಅದೇ ಜಾತಿಯ ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್‌ಗೂ ಆಗ್ಬೋದು, ಕೇಳ್ದೆ ಯಾವ್ದನ್ನೂ ನುಂಗ್ಸಬೇಡಿ. ಆ ಸ್ಟ್ರಿಪ್ ಬಿಸಾಕಿದ್ರೆ ಅದೇ ಅಂಗಡೀಲಿ ಕೇಳಿ ಹೆಸರು ಬರೆಸ್ಕೊಂಡು ಅವ್ರ ಆಧಾರ್ ಕಾರ್ಡ್ ಜೊತೆ ಪರ್ಸಲ್ಲಿ ಇಡಿ.