ನಗರದ ಕಾಡಿಗೆ ಹೋದ ಮಕ್ಕಳು ಮಳೆಯ ಜಾಡು ಹಿಡಿಯಲಿ

ಪ್ರಶ್ನೆ: ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಏಳನೇ ತರಗತಿಯ ಮಕ್ಕಳನ್ನು ನಗರದೊಳಗಿನ ಕಾಡಿಗೂ ಅದರ ಪಕ್ಕದ ಮಳೆನೀರು ಕೊಯ್ಲು ಘಟಕಕ್ಕೂ ಕರೆದೊಯ್ಯಬೇಕಿದೆ. ಕಳೆದ ಸಲ ಮಕ್ಕಳು ಫಲಕಗಳಲ್ಲಿದ್ದ ಮರಗಳ ಹೆಸರು ಬರೆದುಕೊಂಡು, ಫೋಟೊ ತೆಗೆಸಿಕೊಂಡು ಬಂದರು. ವಾರ ಕಳೆದು ಕೇಳಿದರೆ ಯಾರಿಗೂ ಏನೂ ನೆನಪಿರಲಿಲ್ಲ. ಈ ಸಲ ಹೇಗೆ ಯೋಜಿಸಲಿ?

ಉತ್ತರ: ಕಾಡಿನದೊಂದು ಪಾಠ, ನೀರಿನದೊಂದು ಪಾಠ ಎಂದು ಬೇರ್ಪಡಿಸಬೇಡಿ. ಇಡೀ ದಿನಕ್ಕೆ ಒಂದೇ ಪ್ರಶ್ನೆ ಸಾಕು: ಇಲ್ಲಿ ಬಿದ್ದ ಮಳೆ ಎಲ್ಲಿಗೆ ಹೋಗುತ್ತದೆ? ಮರದ ಹೆಸರು ಪುಸ್ತಕದಲ್ಲೂ ಸಿಗುತ್ತದೆ. ಮಣ್ಣು ನೀರು ಕುಡಿಯುವುದನ್ನು ಮಾತ್ರ ಅಲ್ಲಿಗೇ ಹೋಗಿ ನೋಡಬೇಕು.

ಹೋಗುವ ದಾರಿಯಲ್ಲಿ ತಿಜುಕಾ ಕಾಡಿನ ಕಥೆ ಹೇಳಿ. ಬ್ರೆಜಿಲ್‌ನ ರಿಯೊ ಡಿ ಜನೈರೊ ನಗರದ ಗುಡ್ಡಗಳ ಮೇಲಿದ್ದ ಕಾಡನ್ನು ಕಾಫಿ ತೋಟಗಳಿಗಾಗಿ ಕಡಿದರು. ನಗರಕ್ಕೆ ನೀರು ಕೊಡುತ್ತಿದ್ದ ತೊರೆಗಳು ಸೊರಗಿದವು. ಕೊನೆಗೆ 1861ರಲ್ಲಿ ಅಲ್ಲಿನ ಸರ್ಕಾರವೇ ಮತ್ತೆ ಮರ ನೆಡಿಸಲು ಮುಂದಾಯಿತು. ಇಂದಿಗೂ ಆ ಕಾಡು ನಗರದ ಮಧ್ಯದಲ್ಲೇ ಇದೆ. ನೀರಿಗಾಗಿಯೇ ಬೆಳೆಸಿದ ಕಾಡು ಅದು ಎಂದು ಗೊತ್ತಾದ ಮಕ್ಕಳು ಕಣ್ಣೆದುರಿನ ಕಾಡನ್ನು ಬೇರೆಯೇ ಕುತೂಹಲದಿಂದ ನೋಡುತ್ತಾರೆ.

ಇನ್ನು ಮುಖ್ಯ ಕೆಲಸ. ಅಂಗೈಯಗಲದ ಪ್ಲಾಸ್ಟಿಕ್ ಕೊಳವೆಯ ಒಂದೇ ಅಳತೆಯ ಎರಡು ತುಂಡುಗಳನ್ನು ಒಯ್ಯಿರಿ. ಒಂದನ್ನು ಜನ ನಡೆದು ಗಟ್ಟಿಯಾದ ಕಾಲುದಾರಿಯಲ್ಲಿ, ಇನ್ನೊಂದನ್ನು ಮರದ ಕೆಳಗೆ ತರಗೆಲೆ ಸರಿಸಿದ ಜಾಗದಲ್ಲಿ ಊರಿ. ಮೇಲೆ ಹಲಗೆಯ ತುಂಡಿಟ್ಟು ಒತ್ತಿದರೆ ಕೊಳವೆ ನೇರವಾಗಿ ಇಳಿಯುತ್ತದೆ. ಎರಡು ಬೆರಳಿನಷ್ಟು ಆಳ ಇಳಿದರೆ ಸಾಕು. ಎರಡಕ್ಕೂ ಒಂದೇ ಅಳತೆಯ ನೀರು ಸುರಿದು, ಅದು ಇಂಗಲು ಎಷ್ಟು ಹೊತ್ತು ಬೇಕಾಯಿತೆಂದು ಮಕ್ಕಳೇ ಗಡಿಯಾರ ನೋಡಿ ಬರೆದುಕೊಳ್ಳಲಿ. ಮೊದಲ ಸುರಿತದ ಲೆಕ್ಕ ಬಿಡಿ, ಎರಡನೆಯದನ್ನು ಹಿಡಿಯಿರಿ. ತೀರಾ ಒಣಗಿದ ಎಲೆಮಣ್ಣು ಮೊದಮೊದಲು ನೀರನ್ನು ಒಳಗೆ ಬಿಡದೆ ಸತಾಯಿಸುವುದುಂಟು, ಅದರಿಂದ ಫಲಿತಾಂಶ ತಲೆಕೆಳಗಾಗಬಹುದು.

ಸಾಮಾನ್ಯವಾಗಿ ಕಾಲುದಾರಿಯಲ್ಲಿ ನೀರು ನಿಂತೇ ಇರುತ್ತದೆ, ಮರದಡಿಯಲ್ಲಿ ಬೇಗ ಇಳಿಯುತ್ತದೆ. ಕಾರಣವನ್ನು ನೀವು ಹೇಳಬೇಡಿ. ಎರಡೂ ಕಡೆಯ ಮಣ್ಣನ್ನು ಒಂದೊಂದು ಹಿಡಿ ಕೆದಕಿ ಅವರ ಕೈಗೆ ಕೊಡಿ. ಒಂದರಲ್ಲಿ ಬೇರಿನ ಎಳೆಗಳು, ಎರೆಹುಳು ಕೊರೆದ ರಂಧ್ರಗಳು, ಹರಳು ಹರಳಾದ ಕಪ್ಪು ಮಣ್ಣು, ಇನ್ನೊಂದು ಹೆಂಟೆ. ನೀರು ಇಳಿಯುವ ದಾರಿ ಯಾವುದೆಂದು ಬೆರಳುಗಳಿಗೇ ತಿಳಿಯುತ್ತದೆ.

ಕಾಡಿಗೆ ಕಾಲಿಟ್ಟ ಕೂಡಲೇ ಬಿಸಿಲಿಗೆ ಮುಖ ಮಾಡಿದ ಎಲೆ ತುಂಬಿದ ಒಂದು ರೆಂಬೆಗೆ ಪಾರದರ್ಶಕ ಪ್ಲಾಸ್ಟಿಕ್ ಚೀಲ ಕಟ್ಟಿಡಿ. ಹೊರಡುವ ಹೊತ್ತಿಗೆ ಒಳಗೆ ಹನಿಗಳು ಕೂತಿರುತ್ತವೆ; ಬೇರು ಹೀರಿದ ನೀರು ಎಲೆಗಳಿಂದ ಆವಿಯಾಗಿ ಹೊರಬಂದದ್ದು ಅದು. ಆಗ ಯಾವುದಾದರೂ ಮಗು ಕೇಳಿಯೇ ಕೇಳುತ್ತದೆ: ಮರವೇ ಇಷ್ಟು ನೀರು ಕುಡಿದರೆ ನಮಗೇನು ಉಳಿಯುತ್ತದೆ? ದಯವಿಟ್ಟು ಈ ಪ್ರಶ್ನೆಯನ್ನು ಹಾರಿಸಬೇಡಿ, ಇಡೀ ದಿನದಲ್ಲಿ ಹುಟ್ಟುವ ಅತ್ಯುತ್ತಮ ಪ್ರಶ್ನೆ ಇದು. ಹೌದು, ಮರಗಳಿಗೆ ನೀರು ಬೇಕು. ಬೇಗ ಬೆಳೆಯುವ ಒಂದೇ ಜಾತಿಯ ಮರಗಳನ್ನು ಒತ್ತಾಗಿ ನೆಟ್ಟ ಕಡೆ ತೊರೆಯ ಹರಿವು ತಗ್ಗಿದ್ದೂ ಇದೆ. ಆದರೆ ನಗರದಲ್ಲಿ ಕಾಡಿನ ಜಾಗವನ್ನು ಕಸಿಯುವುದು ಬಹುಪಾಲು ಕಾಂಕ್ರೀಟು. ಅದರ ಮೇಲೆ ಬಿದ್ದ ಮಳೆ ಇಂಗದೆ ಚರಂಡಿ ಸೇರುತ್ತದೆ. ಹೋಲಿಕೆ ಆ ಎರಡರ ನಡುವೆ ನಡೆಯಲಿ.

ಕೊಯ್ಲು ಘಟಕದಲ್ಲಿ ಹೆಚ್ಚು ಹೊತ್ತು ಬೇಡ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಇಷ್ಟು ತಿಳಿಸಿ, ಚಾವಣಿಯ ಉದ್ದಗಲವನ್ನು ನೆಲದ ಮೇಲೆ ಹೆಜ್ಜೆಯಿಂದ ಅಳೆಯಲು ಬಿಡಿ. 500 ಚದರ ಮೀಟರ್ ಚಾವಣಿಗೆ 10 ಮಿಲಿಮೀಟರ್ ಮಳೆಯೆಂದರೆ 5,000 ಲೀಟರ್. ಒಂದಿಷ್ಟು ಆವಿಯಾಗಿ, ಚೆಲ್ಲಿ ಹೋಗುತ್ತದೆ; ಧೂಳು, ಹಕ್ಕಿಯ ಹಿಕ್ಕೆ ತೊಳೆದು ಬರುವ ಮೊದಲ ನೀರನ್ನು ಹೊರಗೆ ಬಿಡಬೇಕು. ಆ ಮೊದಲ ನೀರಿನ ಕೊಳವೆ ಎಲ್ಲಿದೆಯೆಂದು ಹುಡುಕುವ ಕೆಲಸ ಮಕ್ಕಳಿಗಿರಲಿ.

ಮಕ್ಕಳನ್ನು ಸಣ್ಣ ಗುಂಪುಗಳಾಗಿ ಮಾಡಿ, ಪ್ರತಿ ಗುಂಪಿಗೂ ಒಬ್ಬ ದೊಡ್ಡವರಿರಲಿ. ಮುಚ್ಚಿದ ಬೂಟು, ತುಂಬು ತೋಳಿನ ಅಂಗಿ ಕಡ್ಡಾಯ. ಗುಡುಗು ಕೇಳಿಸಿದರೆ ಮರದಡಿ ನಿಲ್ಲದೆ ಕಟ್ಟಡದೊಳಗೆ ಬನ್ನಿ.

ಪ್ರಶ್ನೆ: ನಮ್ಮ ಶಾಲೆಗೆ ಬಸ್ ಮಾಡುವ ಶಕ್ತಿ ಇಲ್ಲ. ಹತ್ತಿರದಲ್ಲಿ ಕಾಡೂ ಇಲ್ಲ. ನಮ್ಮ ಮಕ್ಕಳು ಏನು ಮಾಡಬೇಕು?

ಉತ್ತರ: ಅಂಗಳದಲ್ಲಿ ಒಂದು ದೊಡ್ಡ ಮರವಿದ್ದರೂ ಸಾಕು. ಮಳೆಗಾಲದಲ್ಲಿ ಒಂದೇ ಅಳತೆಯ ನೇರ ಬದಿಯ ಎರಡು ಡಬ್ಬಗಳಲ್ಲಿ ಒಂದನ್ನು ಮರದ ಕೆಳಗೆ, ಒಂದನ್ನು ಬಯಲಿನಲ್ಲಿಟ್ಟು ಮಳೆ ನಿಂತ ಮೇಲೆ ನೀರಿನ ಎತ್ತರ ಅಳೆಯಿರಿ. ಸಣ್ಣ ಮಳೆಯಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ, ಬಿರುಮಳೆಯಲ್ಲಿ ಕಡಿಮೆಯಾಗುತ್ತದೆ. ಎಲೆಗಳು ಹಿಡಿದಿಡಬಲ್ಲ ನೀರಿಗೂ ಒಂದು ಮಿತಿ ಇದೆಯಲ್ಲ! ಅಲ್ಲಿಂದ ಹರಿದ ನೀರು ಶಾಲೆಯ ಗೇಟು ದಾಟಿ ಯಾವ ಚರಂಡಿ ಸೇರುತ್ತದೆ, ಆ ಚರಂಡಿ ಎಲ್ಲಿ ಮುಗಿಯುತ್ತದೆ ಎಂಬ ನಕ್ಷೆಯನ್ನು ಮಕ್ಕಳು ಬಿಡಿಸಲಿ. ಇಂಗುಗುಂಡಿಗೆ ಸರಿಯಾದ ಜಾಗ ಯಾವುದೆಂದು ಆ ನಕ್ಷೆಯಲ್ಲಿ ಅವರೇ ಗುರುತು ಹಾಕಿ, ಕಾರಣ ಬರೆದು ಮುಖ್ಯೋಪಾಧ್ಯಾಯರಿಗೆ ಕೊಡಲಿ.