ಸ್ಟ್ರೆಥಮ್‌ಗೆ ಬಂದವರಿಗೆ: ಆ ಕಾಗದ ಎಸೆಯಬೇಡಿ

ಬಂದು ಎರಡು ತಿಂಗಳಾಯಿತು, ವೋಟರ್ ಪಟ್ಟಿಗೆ ಮನೆಯವರ ಹೆಸರು ಕೊಡಿ ಅಂತ ದಕ್ಷಿಣ ಲಂಡನ್ನಿನ ನಮ್ಮ ಸ್ಥಳೀಯ ಆಡಳಿತವಾದ ಲ್ಯಾಂಬೆತ್ ಕೌನ್ಸಿಲ್‌ನಿಂದ ಕಾಗದ ಬಂದಿದೆ, ನಾನು ಕೆಲಸದ ವೀಸಾದಲ್ಲಿರುವವನು, ಇದು ನನಗಲ್ಲ ಅಲ್ವಾ ಅಂತ ಕೇಳಿದ್ದೀರಿ. ನಿಮಗೇ. ಭಾರತ ಕಾಮನ್‌ವೆಲ್ತ್ ದೇಶ. ಹಾಗಾಗಿ ವೀಸಾ ಇಟ್ಟುಕೊಂಡು ಇಲ್ಲಿ ವಾಸ ಇರುವ ನಾವು ಕೌನ್ಸಿಲ್ ಚುನಾವಣೆಗೂ, ಪಾರ್ಲಿಮೆಂಟ್ ಚುನಾವಣೆಗೂ ವೋಟು ಹಾಕಬಹುದು.

ಹೊಸದರಲ್ಲಿ ನಾನು ಆ ಕಾಗದವನ್ನು ಕಸಕ್ಕೆ ಹಾಕಿದ್ದೆ. ಒಂದು ಚುನಾವಣೆ ಹಾಗೇ ಹೋಯಿತು. ಆಮೇಲೆ ಬಾಡಿಗೆ ಮನೆಯ ಗೋಡೆಗೆ ಬೂಷ್ಟು ಹಿಡಿದು ಮಗಳಿಗೆ ಕೆಮ್ಮು ನಿಲ್ಲದಾಯಿತು. ಮನೆ ಮಾಲೀಕರು ಕಿವಿಗೇ ಹಾಕಿಕೊಳ್ಳಲಿಲ್ಲ. ವಾರ್ಡಿನ ಕೌನ್ಸಿಲರನ್ನು ನೋಡು ಅಂದರು ಪಕ್ಕದ ಮನೆಯ ಅಜ್ಜಿ. ಹೋದೆ. ಯಾವ ಶಿಫಾರಸೂ ಬೇಕಾಗಲಿಲ್ಲ. ಅವರು ಕೂತು ಪೂರ್ತಿ ಕೇಳಿ, ಬರೆದುಕೊಂಡರು. ತಿಂಗಳೊಳಗೆ ಮನೆ ನೋಡಲು ಅಧಿಕಾರಿ ಬಂದರು. ಅವತ್ತಿನಿಂದ ನಾನು ಒಂದು ವೋಟನ್ನೂ ತಪ್ಪಿಸಿಲ್ಲ.

ಈ ಕೌನ್ಸಿಲ್‌ನ ಕಥೆಯೂ ಗೊತ್ತಿರಲಿ. ಮೊದಲು ಸ್ಟ್ರೆಥಮ್ ಮತ್ತು ಕ್ಲಾಪಮ್ ಪಕ್ಕದ ಕೌನ್ಸಿಲ್ ಆದ ವಾಂಡ್ಸ್‌ವರ್ತ್‌ಗೆ ಸೇರಿದ್ದವು. ಈಗಿನ ಲ್ಯಾಂಬೆತ್‌ಗೆ ಮೊದಲ ಚುನಾವಣೆ 1964ರಲ್ಲಿ ನಡೆದು, ಲೇಬರ್ ಪಕ್ಷ ಗೆದ್ದಿತು. 1968ರಲ್ಲಿ ಜನ ಕನ್ಸರ್ವೇಟಿವ್ ಪಕ್ಷವನ್ನು ತಂದರು. ಆಗ ಬ್ರಿಕ್ಸ್‌ಟನ್‌ನಿಂದ ಗೆದ್ದ ಯುವಕ ಜಾನ್ ಮೇಜರ್. 1971ರಲ್ಲಿ ಸೋತರು, 1990ರಲ್ಲಿ ಪ್ರಧಾನಿಯಾದರು! 1980ರ ದಶಕದಲ್ಲಿ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಸರ್ಕಾರ ಕೌನ್ಸಿಲ್‌ಗಳ ತೆರಿಗೆಗೆ ಮಿತಿ ಹಾಕಿತು. ಜನರ ಸೌಲಭ್ಯ ಕಡಿತ ಮಾಡುವುದಿಲ್ಲ ಅಂತ ಟೆಡ್ ನೈಟ್ ನಾಯಕತ್ವದ ಲ್ಯಾಂಬೆತ್ 1985ರಲ್ಲಿ ತಿಂಗಳುಗಟ್ಟಲೆ ತೆರಿಗೆ ದರವನ್ನೇ ನಿಗದಿ ಮಾಡಲಿಲ್ಲ. ಮೂವತ್ತಕ್ಕೂ ಹೆಚ್ಚು ಸದಸ್ಯರಿಗೆ ದಂಡ ಬಿತ್ತು, ಸ್ಥಾನವೂ ಹೋಯಿತು. ಅವರು ಮಾಡಿದ್ದು ಸರಿಯೋ ತಪ್ಪೋ ಅಂತ ಹಳಬರು ಈಗಲೂ ವಾದ ಮಾಡುತ್ತಾರೆ. 1986ರ ಚುನಾವಣೆಯಲ್ಲಿ ಜನ ಮತ್ತೆ ಲೇಬರನ್ನೇ ಗೆಲ್ಲಿಸಿದರು. 2002ರಲ್ಲಿ ಲಿಬರಲ್ ಡೆಮಾಕ್ರಾಟರು ಕನ್ಸರ್ವೇಟಿವರ ಜೊತೆ ಸೇರಿ ಅಧಿಕಾರ ಹಿಡಿದರು, 2006ರಲ್ಲಿ ಲೇಬರ್ ವಾಪಸ್. 2022ರಲ್ಲಂತೂ 63ರಲ್ಲಿ 58 ಸ್ಥಾನ ಅವರದೇ. ಒಂದೇ ಪಕ್ಷ ಇಷ್ಟು ಜಾಸ್ತಿ ಗೆದ್ದರೆ ಪ್ರಶ್ನೆ ಕೇಳುವವರು ಕಡಿಮೆಯಾಗುತ್ತಾರೆ ಅನ್ನುವುದು ನನ್ನ ಚಿಂತೆ.

ಇದರಲ್ಲಿ ನಮ್ಮವರೂ ಇದ್ದಾರೆ. ಕಲಬುರಗಿಯ ಡಾ. ನೀರಜ್ ಪಾಟೀಲ್ ಇಲ್ಲಿ ಕೌನ್ಸಿಲರ್ ಆಗಿ, 2010ರಲ್ಲಿ ಮೇಯರ್ ಆದರು. ಇಲ್ಲಿ ಮೇಯರ್ ಸ್ಥಾನ ಗೌರವದ್ದು, ಆಡಳಿತ ಕೌನ್ಸಿಲ್ ನಾಯಕರ ಕೈಯಲ್ಲಿ. ಆದರೂ ನಮ್ಮ ಕಡೆಯವರೊಬ್ಬರು ಮೇಯರ್ ಹಾಕುವ ಸರ ಹಾಕಿಕೊಂಡಿದ್ದು ನನಗೆ ತುಂಬಾ ಹೆಮ್ಮೆ. ಥೇಮ್ಸ್ ದಡದಲ್ಲಿ ಬಸವಣ್ಣನವರ ಪ್ರತಿಮೆ ನಿಂತಿದ್ದೂ ಅವರ ಓಡಾಟದಿಂದಲೇ. 2015ರಲ್ಲಿ ಅನಾವರಣವಾಯಿತು.

ಇನ್ನು ವೋಟಿನ ವಿಷಯ. ಕೌನ್ಸಿಲ್ ಚುನಾವಣೆ ನಾಲ್ಕು ವರ್ಷಕ್ಕೊಮ್ಮೆ, ಮೇ ತಿಂಗಳ ಗುರುವಾರ. ರಜೆ ಇರುವುದಿಲ್ಲ, ಆದರೆ ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ಸಮಯವಿದೆ. ಯಂತ್ರವಿಲ್ಲ, ಬೆರಳಿಗೆ ಶಾಯಿಯಿಲ್ಲ. ಚೀಟಿಯಲ್ಲಿ ಪೆನ್ಸಿಲ್‌ನಿಂದ ಗುರುತು ಹಾಕುವುದು. ವಾರ್ಡಿಗೆ ಇಬ್ಬರು ಅಥವಾ ಮೂವರು ಸದಸ್ಯರು, ನಿಮಗೂ ಅಷ್ಟೇ ವೋಟು. ಫೋಟೋ ಇರುವ ಗುರುತು ಪತ್ರ ಬೇಕು, ಭಾರತದ ಪಾಸ್‌ಪೋರ್ಟ್ ನಡೆಯುತ್ತದೆ. ಪಟ್ಟಿಯಲ್ಲಿ ಹೆಸರಿದ್ದರೆ ಮುಂದೆ ಬ್ಯಾಂಕ್ ಸಾಲಕ್ಕೂ ಅನುಕೂಲ.

ಕಾಗದಕ್ಕೆ ಇವತ್ತೇ ಉತ್ತರ ಕೊಡಿ. ಭಾನುವಾರ ಬಿಡುವಿದ್ದರೆ ಬನ್ನಿ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ಗೆ ಹೋಗಿ ಬಸವಣ್ಣನವರನ್ನು ನೋಡಿಕೊಂಡು ಬರೋಣ.